ಪಹಣಿಯನ್ನು ಓದಿ ನೋಡಿದ್ದೀರಾ?

ಮಣ್ಣು ಪರೀಕ್ಷೆಗೆಂದು ಮಾದರಿ ತರುವ ರೈತರನ್ನು ನಾವು ಮೊದಲು ಕೇಳುವುದು ಸರ್ವೆ ನಂಬರನ್ನು. ಹೆಚ್ಚಿನವರು ತಡವರಿಸದೆ ಹೇಳುತ್ತಾರೆ. ಹಿಂದಿನ ಬೆಳೆ ಯಾವುದು, ಎಷ್ಟು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿದಿರಿ, ಕೊಳವೆ ಬಾವಿ ಎಷ್ಟು ಅಡಿ, ಎಲ್ಲಕ್ಕೂ ಉತ್ತರ ಸಿದ್ಧವಾಗಿರುತ್ತದೆ. "ಪಹಣಿ ಯಾರ ಹೆಸರಿನಲ್ಲಿದೆ?" ಎಂದಾಗ ಮಾತ್ರ ಮಾತು ನಿಧಾನವಾಗುತ್ತದೆ. "ನಮ್ಮ ತಾತನ ಹೆಸರಲ್ಲೇ ಇದೆ ಸಾರ್, ಉಳೋದು ನಾವೇ" ಎಂಬುದು ನಾನು ಅತಿ ಹೆಚ್ಚು ಸಲ ಕೇಳಿರುವ ಉತ್ತರ. ತಾತ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ.

ಬೇಸಾಯಶಾಸ್ತ್ರದವನಿಗೆ ಕಂದಾಯದ ಕಾಗದಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ನಾನೂ ಬಹಳ ಕಾಲ ಹಾಗೆಯೇ ಎಣಿಸಿದ್ದೆ. ಆದರೆ ಒಳ್ಳೆಯ ತಳಿ, ಸರಿಯಾದ ಬಿತ್ತನೆ ಕಾಲ, ಹದವರಿತ ಗೊಬ್ಬರ ಎಲ್ಲವನ್ನೂ ಒಪ್ಪಿಕೊಂಡ ರೈತನು ಹನಿ ನೀರಾವರಿಯ ಸಹಾಯಧನಕ್ಕೋ ಬೆಳೆ ಸಾಲಕ್ಕೋ ಹೋಗಿ ಬರಿಗೈಯಲ್ಲಿ ಹಿಂತಿರುಗುವುದನ್ನು ಕಂಡ ಮೇಲೆ, ಆ ಒಂದು ಹಾಳೆಯೂ ಬೇಸಾಯದ ಪರಿಕರವೇ ಎಂಬುದು ಮನವರಿಕೆಯಾಯಿತು. ಕೂರಿಗೆ ಮುರಿದರೆ ಬಿತ್ತನೆಗೆ ಮೊದಲೇ ಸರಿಪಡಿಸುತ್ತೇವೆ. ಪಹಣಿ ಮುರಿದಿರುವುದು ಗೊತ್ತಾಗುವುದು ಮಾತ್ರ ಕಚೇರಿಯ ಕಿಟಕಿಯ ಮುಂದೆ ನಿಂತಾಗ.

ಈ ದಾಖಲೆ ಹುಟ್ಟಿದ್ದು ಹೇಗೆ?

ಧಾರವಾಡದ ಕಡೆ ಇದನ್ನು ಉತಾರ ಎನ್ನುತ್ತಾರೆ, ಮೈಸೂರು ಕಡೆ ಪಹಣಿ, ಕಚೇರಿಯಲ್ಲಿ ಆರ್.ಟಿ.ಸಿ. ಹೆಸರು ಬೇರೆಯಾದರೂ ವಸ್ತು ಒಂದೇ: ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಹಿಂದಿನ ಸರ್ಕಾರಗಳು ಜಮೀನನ್ನು 33 ಅಡಿಯ ಸರಪಳಿಯಿಂದ ಅಳೆದು, ಬಾಂದುಕಲ್ಲು ನೆಟ್ಟು, ಸರ್ವೆ ನಂಬರ್ ಕೊಟ್ಟದ್ದು ಮುಖ್ಯವಾಗಿ ಕಂದಾಯ ವಸೂಲಿಗಾಗಿ. ಯಾರು ನಿಜವಾದ ಒಡೆಯ ಎಂಬುದಕ್ಕಿಂತ ಯಾರಿಂದ ಹಣ ಬರುತ್ತದೆ ಎಂಬುದು ಅವರಿಗೆ ಬೇಕಾಗಿತ್ತು. ಹಕ್ಕುಗಳನ್ನೇ ಬರೆದಿಡುವ ದಾಖಲೆ ಆಮೇಲೆ ಬಂದದ್ದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಿಗೆ ಅದು 1903ರ ಕಾನೂನಿನಿಂದ ಬಂತು. ಈಗ ರಾಜ್ಯಕ್ಕೆಲ್ಲ ಅನ್ವಯಿಸುವುದು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮ.

ಈ ಹುಟ್ಟಿನ ಗುಣ ಇಂದಿಗೂ ಬಿಟ್ಟಿಲ್ಲ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಕೈಬಿಟ್ಟೂ ಹೋಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯ ಇದನ್ನು ಹಲವು ತೀರ್ಪುಗಳಲ್ಲಿ ಹೇಳಿದೆ. ಹಕ್ಕು ಬರುವುದು ಕ್ರಯಪತ್ರ, ವಿಭಾಗ ಪತ್ರ, ದಾನ, ಉತ್ತರಾಧಿಕಾರ ಇವುಗಳಿಂದ. ಹಾಗಾದರೆ ಪಹಣಿಯ ಬೆಲೆ ಏನು? ಅಧಿನಿಯಮದ 133ನೆಯ ಪ್ರಕರಣದಂತೆ, ಅದರಲ್ಲಿ ಬರೆದದ್ದನ್ನು ತಪ್ಪೆಂದು ರುಜುವಾತಾಗುವವರೆಗೆ ಸರಿಯೆಂದೇ ಭಾವಿಸತಕ್ಕದ್ದು. ಅಂದರೆ ರುಜುವಾತು ಮಾಡುವ ಹೊರೆ ಹೆಸರಿಲ್ಲದವನ ಹೆಗಲ ಮೇಲೆ ಬೀಳುತ್ತದೆ. ವಕೀಲರ ಶುಲ್ಕ, ಬಸ್ಸಿನ ಖರ್ಚು, ಬಿತ್ತನೆಯ ದಿನಗಳಲ್ಲಿ ಕೋರ್ಟಿಗೆ ಓಡಾಟ ಎಲ್ಲವೂ ಆ ಹೊರೆಯೊಳಗೆ ಸೇರಿವೆ.

ಒಂದು ಹೆಸರಿನ ಬೆಲೆ

ಈ ಮಾತು ಎಷ್ಟು ಭಾರವಾದದ್ದೆಂದು ತಿಳಿಯಲು 1974ನ್ನು ನೆನೆಯಬೇಕು. ಭೂಸುಧಾರಣಾ ಕಾನೂನಿನ ತಿದ್ದುಪಡಿಯಂತೆ ಆ ವರ್ಷ ಮಾರ್ಚ್ 1ರಂದು ಗೇಣಿಗೆ ಕೊಟ್ಟಿದ್ದ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುತ್ತಿದ್ದ ಗೇಣಿದಾರನು 7ನೆಯ ನಮೂನೆಯಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟು ಅಧಿಭೋಗದಾರಿ ಹಕ್ಕು ಪಡೆಯಬೇಕಾಗಿತ್ತು. ಅರ್ಜಿಗೆ ಕೊನೆಯ ದಿನಾಂಕ ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಮಂಡಳಿಯ ಮುಂದೆ "ನಾನು ಗೇಣಿದಾರ" ಎಂದವನನ್ನು ಕೇಳುತ್ತಿದ್ದುದು ಪಹಣಿಯ 12ನೆಯ ಅಂಕಣವನ್ನು. ಅಲ್ಲಿ ಹೆಸರಿದ್ದವನ ಪಾಲಿಗೆ ಅರ್ಧ ಕೆಲಸ ಮುಗಿದಂತೆ. ಎರಡು ತಲೆಮಾರು ಉತ್ತು ಗೇಣಿ ಅಳೆದಿದ್ದರೂ ಹೆಸರಿಲ್ಲದವನು ಗೇಣಿ ಚೀಟಿಗಳನ್ನು ಹುಡುಕಬೇಕು, ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗೆ ಕರೆತರಬೇಕು. ಚೀಟಿ ಕೊಡದೆ ಬಾಯಿಮಾತಿನಲ್ಲೇ ಗೇಣಿ ನಡೆಸಿದ, ಗೇಣಿದಾರನ ಹೆಸರು ದಾಖಲಾಗದಂತೆ ನೋಡಿಕೊಂಡ ಒಡೆಯರೂ ಇದ್ದರು. ಓದು ಬಾರದ ಗೇಣಿದಾರನಿಗೆ ತನ್ನ ಹೆಸರು ಪುಸ್ತಕದಲ್ಲಿ ಇಲ್ಲವೆಂಬುದು ತಿಳಿದದ್ದೇ ಮಂಡಳಿಯ ಮುಂದೆ. ಸಾವಿರಾರು ಸಂಸಾರಗಳನ್ನು ಒಡೆಯರನ್ನಾಗಿ ಮಾಡಿದ ಅದೇ ಪುಸ್ತಕ, ಹೆಸರಿಲ್ಲದವರನ್ನು ಕೂಲಿಗೆ ಕಳಿಸಿತು.

ಆ ಕಾನೂನಿನ ಬಳಿಕ ಕೃಷಿ ಭೂಮಿಯ ಗೇಣಿ, ಸೈನಿಕರಂಥ ಕೆಲವರನ್ನು ಬಿಟ್ಟರೆ, ನಿಷೇಧವಾಯಿತು. ಆದರೆ ಹಳ್ಳಿಗಳಲ್ಲಿ ವಾರಕ್ಕೆ, ಗುತ್ತಿಗೆಗೆ ಮಾಡುವುದು ನಿಂತಿಲ್ಲ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಹೀಗೆ ಮಾಡುವವರ ಹೆಸರು ಎಲ್ಲಿಯೂ ಬರುವುದಿಲ್ಲ. ಬರ ಬಂದರೆ ಪರಿಹಾರ ಹೋಗುವುದು ಖಾತೆದಾರನಿಗೆ, ಒಣಗಿದ್ದು ಉತ್ತವನ ಬೆಳೆ. ಇದಕ್ಕೆ ನನ್ನ ಬಳಿ ಮದ್ದಿಲ್ಲ. ಇದೆ ಎಂದು ನಟಿಸುವುದೂ ಸರಿಯಲ್ಲ.

ಹಾಳೆಯನ್ನು ಓದುವ ಬಗೆ

ನಾಡಕಚೇರಿಯಿಂದಲೋ ಗ್ರಾಮ ಒನ್ ಕೇಂದ್ರದಿಂದಲೋ ಒಂದು ಪ್ರತಿ ತಂದು ಮುಂದಿಟ್ಟುಕೊಳ್ಳಿ. 3ನೆಯ ಅಂಕಣದಲ್ಲಿ ವಿಸ್ತೀರ್ಣವಿದೆ. ಅಲ್ಲಿ 3.12 ಎಂದಿದ್ದರೆ ಅದು 3 ಎಕರೆ 12 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಾಂಶದ ಲೆಕ್ಕದಲ್ಲಿ ಇದು 3.30 ಎಕರೆ. ಓದಿದ ಹುಡುಗರೇ ಇದನ್ನು 3.12 ಎಕರೆ ಎಂದು ಹಿಡಿದು ಗೊಬ್ಬರದ ಲೆಕ್ಕ ಹಾಕಿದ್ದನ್ನು ಕಂಡಿದ್ದೇನೆ. ಅದೇ ಅಂಕಣದಲ್ಲಿ ಖರಾಬು ಕಳೆದಿರುತ್ತದೆ. ಬಂಡೆ, ಕಣ, ಕಟ್ಟಡಗಳಂಥ 'ಅ' ಖರಾಬು ಹಿಡುವಳಿಯೊಳಗಿನದು. ದಾರಿ, ಹಳ್ಳಗಳಂಥ 'ಬ' ಖರಾಬು ಸಾರ್ವಜನಿಕ ಉಪಯೋಗದ್ದು. ನಿಮ್ಮ ಸರ್ವೆ ನಂಬರಿನೊಳಗೆ ಇದ್ದರೂ ಉಳುವ ಹಾಗಿಲ್ಲ.

5ನೆಯ ಅಂಕಣ ಮಣ್ಣಿನದು. ನನ್ನ ಕಸುಬಿಗೆ ಸೇರಿದ ಅಂಕಣವೆಂದು ಮೊದಲ ಸಲ ಆಸೆಯಿಂದ ನೋಡಿದೆ. ಕೆಂಪು, ಕಪ್ಪು ಎಂದು ಹಿಂದೆ ಬರೆದದ್ದೇ ಕಾಪಿಯಾಗುತ್ತ ಬಂದಿದೆ. ಅದನ್ನು ನಂಬಿ ಬೆಳೆ ಆರಿಸಬೇಡಿ, ಮಾದರಿ ತೆಗೆದುಕೊಂಡು ನಮ್ಮಲ್ಲಿಗೇ ಬನ್ನಿ.

ಮುಖ್ಯವಾದವು 9ರಿಂದ 12. ಒಂಬತ್ತರಲ್ಲಿ ಸ್ವಾಧೀನದಾರನ ಹೆಸರು, ತಂದೆಯ ಹೆಸರು, ಅವನ ಪಾಲಿನ ವಿಸ್ತೀರ್ಣ ಇರುತ್ತವೆ. ಹಲವು ಹೆಸರುಗಳಿದ್ದರೆ ಅವರವರ ಮುಂದಿನ ಗುಂಟೆಗಳನ್ನು ಕೂಡಿ 3ನೆಯ ಅಂಕಣದೊಂದಿಗೆ ಹೋಲಿಸಿ. ಎಷ್ಟೋ ಪಹಣಿಗಳಲ್ಲಿ ಈ ಎರಡು ಮೊತ್ತ ಒಂದೇ ಆಗುವುದಿಲ್ಲ. ಇದು ಹೆಚ್ಚಾಗಿ, ಪಾಲಾದರೂ ಅಳತೆಯಾಗದೆ, ಪೋಡಿಯಾಗದೆ ಉಳಿದ ಜಮೀನುಗಳಲ್ಲಿ. ಇಂಥ ನಂಬರಿನಲ್ಲಿ ಒಂದು ಭಾಗವನ್ನು ಮಾರಬೇಕಾದರೆ ಮೊದಲು 11ಇ ನಕ್ಷೆ ಆಗಬೇಕು.

ಹತ್ತನೆಯ ಅಂಕಣವನ್ನು ಓದುವವರು ಕಡಿಮೆ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಅದೇ ಉತ್ತರ. ಕ್ರಯ, ವಿಭಾಗ, ಪೌತಿ ಎಂದು ಬರೆದು ಮ್ಯುಟೇಶನ್ ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹೋಗುತ್ತ ಹೋದರೆ ಜಮೀನಿನ ಇಡೀ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಜಮೀನು ಕೊಳ್ಳುವವರು ಇದನ್ನು ಬಿಡಲೇಬಾರದು. ಇದರೊಂದಿಗೆ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸತಕ್ಕದ್ದು. ಆದರೆ ನೋಂದಣಿಯಾಗದ ಬಾಯಿಮಾತಿನ ಪಾಲುಗಳಾಗಲಿ, ಹೆಣ್ಣುಮಕ್ಕಳ ಹಕ್ಕಾಗಲಿ ಋಣಭಾರ ಪತ್ರದಲ್ಲಿ ಕಾಣಿಸವು ಎಂಬುದನ್ನು ಮರೆಯಬೇಡಿ.

ಹನ್ನೊಂದರಲ್ಲಿ ಸಾಲ, ಆಧಾರ, ನ್ಯಾಯಾಲಯದ ತಡೆಯಾಜ್ಞೆಗಳಿರುತ್ತವೆ. ಸಾಲ ತೀರಿಸಿದ ದಿನವೇ ಋಣಮುಕ್ತ ಪತ್ರ ಪಡೆದು ಈ ಅಂಕಣವನ್ನು ಖಾಲಿ ಮಾಡಿಸಿ. ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. ಹಿಂದೆ ಈ ಅಂಕಣವನ್ನು ಚಾವಡಿಯಲ್ಲಿ ಕುಳಿತೇ ತುಂಬುತ್ತಿದ್ದುದೂ ಉಂಟು. ತೊಗರಿ ಬೆಳೆದ ಹೊಲಕ್ಕೂ ರಾಗಿ ಎಂದೇ ಬರೆದಿರುತ್ತಿತ್ತು. ಆಗ ಅದರಿಂದ ಯಾರಿಗೂ ದೊಡ್ಡ ನಷ್ಟವಾಗುತ್ತಿರಲಿಲ್ಲ. ಈಗ ಹಾಗಲ್ಲ. 2020ರಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆದು ಸಮೀಕ್ಷೆ ದಾಖಲಿಸುವ ಅವಕಾಶವಾಗಿದೆ. ವಿಮೆ ಮಾಡಿಸಿದ ಬೆಳೆ ನೆಲಗಡಲೆ, ಸಮೀಕ್ಷೆಯಲ್ಲಿರುವುದು ರಾಗಿ ಎಂದಾದರೆ ವಿಮೆಯ ಹಣ ತಡೆಯುತ್ತದೆ. ನೆರೆಯ ಹುಡುಗನ ಕೈಗೆ ಫೋನು ಕೊಟ್ಟು "ಏನಾದರೂ ಹಾಕಪ್ಪ" ಎನ್ನಬೇಡಿ.

ನಮ್ಮ ಮನೆಯ ಸಂಗತಿ

ಇಷ್ಟೆಲ್ಲ ಹೇಳುವ ನಾನು ನನ್ನ ಮನೆಯಲ್ಲಿ ಏನು ಮಾಡಿದೆನೆಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ತಾತ ಕ್ರಯಕ್ಕೆ ಪಡೆದ 6 ಎಕರೆ 30 ಗುಂಟೆ ಖುಷ್ಕಿ ಜಮೀನಿತ್ತು. ಅವರು 1988ರಲ್ಲಿ ತೀರಿಕೊಂಡರು. ಅಜ್ಜಿ ಅವರಿಗಿಂತ ಮೊದಲೇ ಹೋಗಿದ್ದರು. ದೊಡ್ಡಪ್ಪ, ನಮ್ಮ ತಂದೆ, ಚಿಕ್ಕಪ್ಪ ಮೂವರೂ ಊರಿನ ಹಿರಿಯರ ಮುಂದೆ ಹಗ್ಗ ಹಿಡಿದು ತಲಾ 2 ಎಕರೆ 10 ಗುಂಟೆ ಹಂಚಿಕೊಂಡರು. ಬದುಗಳೂ ಬಿದ್ದವು. ಕಾಗದವಾಗಲಿಲ್ಲ. ತಾತನ ಹೆಸರು ಪಹಣಿಯಲ್ಲಿ ಹಾಗೆಯೇ ನಿಂತಿತು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದಾಗ ತಾತನೂ ಹೋದರು. ಅವರು ಎಂದೋ ತೀರಿಸಿದ್ದ ಪಂಪ್‌ಸೆಟ್ ಸಾಲವೂ 11ನೆಯ ಅಂಕಣದಲ್ಲಿ ಅವರ ಹಿಂದೆಯೇ ಹೋಯಿತು.

2016ರಲ್ಲಿ ನಮ್ಮ ತಂದೆ ತೀರಿಕೊಂಡರು. ಮರುವರ್ಷ ಚಿಕ್ಕಪ್ಪ ಬೆಳೆ ಸಾಲಕ್ಕೆ ಹೋದರೆ "ಸತ್ತವರ ಹೆಸರಿನ ಪಹಣಿಗೆ ಸಾಲವಿಲ್ಲ" ಎಂದರು. ಆಗ ಎಲ್ಲರಿಗೂ ಎಚ್ಚರವಾಯಿತು. ದೊಡ್ಡಪ್ಪನ ಮಗ ಓಡಾಡಿ ವಂಶವೃಕ್ಷ ಬರೆಸಿ ತಂದ. ನನಗೆ ರಜೆ ಇದ್ದದ್ದು ಒಂದೇ ದಿನ. ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬಸ್ಸು ಹತ್ತಿದೆ. ಆ ವಂಶವೃಕ್ಷದಲ್ಲಿ ತಾತನಿಗೆ ಮೂವರು ಗಂಡುಮಕ್ಕಳು ಮಾತ್ರ ಇದ್ದರು. ನನ್ನ ಇಬ್ಬರು ಸೋದರತ್ತೆಯರು ಅದರಲ್ಲಿ ಇರಲೇ ಇಲ್ಲ.

ಮ್ಯುಟೇಶನ್ ಆಗುವ ಮೊದಲು ಅದರ ಪ್ರಕಟಣೆಯನ್ನು ಚಾವಡಿಯಲ್ಲಿ ಹಚ್ಚಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕೆಂದು ನಿಯಮವಿದೆ. ಅದನ್ನು ಓದುವವರು ಯಾರಿದ್ದಾರೆ ಎಂದು ಎಲ್ಲರೂ ಎಣಿಸುತ್ತಾರೆ. ನಮ್ಮೂರಿನಲ್ಲಿ ಒಬ್ಬರು ಓದಿದರು, ಓದಿ ದೊಡ್ಡ ಅತ್ತೆಯ ಮನೆಗೆ ಸುದ್ದಿ ಮುಟ್ಟಿಸಿದರು. ಎಪ್ಪತ್ತು ದಾಟಿದ ಆಕೆ ಬಸ್ಸು ಬದಲಿಸಿಕೊಂಡು ನಾನಿರುವ ಊರಿಗೇ ಬಂದು, ಮನೆಯ ಜಗುಲಿಯಲ್ಲಿ ಕುಳಿತು, ಕೊಟ್ಟ ನೀರನ್ನೂ ಮುಟ್ಟದೆ ಕೇಳಿದರು: "ಏನಪ್ಪಾ, ನಿಮ್ಮ ತಾತನಿಗೆ ನಾವು ಹುಟ್ಟಲೇ ಇಲ್ಲವೇನು?"

ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಪ್ಪನ ಮಗನಲ್ಲಿ ಇತ್ತು: "ಮದುವೆಯಲ್ಲಿ ಕೊಟ್ಟಾಗಿದೆ." ಕಾನೂನು ಆ ಮಾತನ್ನು ಒಪ್ಪುವುದಿಲ್ಲ. ಹಿಂದೂ ಕುಟುಂಬದಲ್ಲಿ ತಂದೆಯ ಸ್ವಯಾರ್ಜಿತ ಆಸ್ತಿಗೆ, ಆತ ಉಯಿಲು ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಅಧಿನಿಯಮದಂತೆ ಮಗಳು ಮಗನಷ್ಟೇ ಹಕ್ಕುದಾರಳು. ಮದುವೆಯಾಗಿದ್ದರೂ ಅಷ್ಟೇ. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕವು 1994ರ ಜುಲೈ 30ರಿಂದ, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ.

ಅತ್ತೆ ಆಕ್ಷೇಪಣೆ ಹಾಕಿದರು. ಪ್ರಕರಣ ತಕರಾರು ವಹಿಗೆ ಹೋಯಿತು. ಒಂದೂವರೆ ವರ್ಷ ಯಾರಿಗೂ ಸಾಲವಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರೈತರ ಖಾತೆಗೆ ವರ್ಷಕ್ಕೆ 6,000 ರೂಪಾಯಿ ಹಾಕುವ ಕಿಸಾನ್ ಸಮ್ಮಾನ್ ಯೋಜನೆ ತಂದಾಗ ಊರಿನವರೆಲ್ಲ ಅರ್ಜಿ ಕೊಟ್ಟರು. ಪಹಣಿಯಲ್ಲಿ ಹೆಸರಿಲ್ಲದ ಚಿಕ್ಕಪ್ಪ ನೋಡುತ್ತ ನಿಂತರು. ಕೊನೆಗೆ ನಾನೇ ಮುಂದಾಗಿ ಹೊಸ ವಂಶವೃಕ್ಷ ಬರೆಸಿದೆ. ಐದು ಕವಲು, ತಲಾ 54 ಗುಂಟೆ, ಅಂದರೆ 1 ಎಕರೆ 14 ಗುಂಟೆ. ಮೂರು ಕವಲುಗಳಿದ್ದಾಗ 90 ಗುಂಟೆಯಿತ್ತಲ್ಲ, ವ್ಯತ್ಯಾಸ ಯಾರಿಗೂ ಹಿತವಾಗಲಿಲ್ಲ, ನಮ್ಮ ತಾಯಿಗೂ ಕೂಡ. ಚಿಕ್ಕ ಅತ್ತೆ ತಮ್ಮ ಪಾಲನ್ನು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ತಮ್ಮಂದಿರಿಗೆ ಬಿಟ್ಟುಕೊಟ್ಟರು. ದೊಡ್ಡ ಅತ್ತೆ ಬಿಡಲಿಲ್ಲ. ಅವರ ಪಾಲಿನಲ್ಲಿ ಈಗ ಅವರ ಮಗಳು ಸೇವಂತಿಗೆ ಬೆಳೆಯುತ್ತಿದ್ದಾಳೆ. ನನ್ನ ಪಾಲಿಗಿಂತ ಆ ಪಾಲಿನಲ್ಲಿ ಆದಾಯ ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಬೇಕು.

ಪೌತಿ ಖಾತೆ ಮಾಡಿಸುವವರಿಗೆ

ಮನೆಯ ಹಿರಿಯರು ತೀರಿಕೊಂಡರೆ ಮರಣದ ನೋಂದಣಿಯನ್ನು ಕೂಡಲೇ ಮಾಡಿಸಿ. ವರ್ಷದೊಳಗೆ ನೋಂದಣಿಯಾಗದಿದ್ದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ಜಮೀನಿನ ಹಕ್ಕು ಬಂದದ್ದನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಭೂ ಕಂದಾಯ ಅಧಿನಿಯಮದ 128ನೆಯ ಪ್ರಕರಣ ಹೇಳುತ್ತದೆ. ನೋಂದಾಯಿತ ಪತ್ರದಿಂದ ಬಂದ ಹಕ್ಕಿಗೆ ಮಾತ್ರ ಈ ವರದಿಯಿಂದ ವಿನಾಯಿತಿಯಿದೆ. ಮರಣ ಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇವುಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಗ್ರಾಮಲೆಕ್ಕಿಗರು, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು, ಸ್ಥಳ ವಿಚಾರಣೆ ಮಾಡುತ್ತಾರೆ. ತಕರಾರಿಲ್ಲದಿದ್ದರೆ ರಾಜಸ್ವ ನಿರೀಕ್ಷಕರ ಮಟ್ಟದಲ್ಲೇ ಮುಗಿಯುತ್ತದೆ. ವಂಶವೃಕ್ಷದಲ್ಲಿ ತೀರಿಕೊಂಡವರು, ಮದುವೆಯಾಗಿ ಹೋದವರು, ಊರು ಬಿಟ್ಟವರು ಎಲ್ಲರನ್ನೂ ಬರೆಸಿ. ಪಾಲು ಬಿಡುವವರಿದ್ದರೆ ಅದಕ್ಕೆ ಬೇರೆ ಪತ್ರವಿದೆ, ವಂಶವೃಕ್ಷದಿಂದ ಹೆಸರು ಅಳಿಸುವುದು ಅದರ ದಾರಿಯಲ್ಲ.

ಪೌತಿ ಖಾತೆ ಜಂಟಿಯಾಗಿ ಆದ ಮೇಲೆ ವಿಭಾಗ ಪತ್ರ, ಅಳತೆ, ಪೋಡಿ ಎಂದು ಮುಂದಿನ ಕೆಲಸಗಳು. ಅಣ್ಣತಮ್ಮಂದಿರು ಒಂದೇ ಜಗುಲಿಯಲ್ಲಿ ಕೂರುವಷ್ಟು ಹೊಂದಿಕೆ ಇರುವಾಗಲೇ ಇವನ್ನು ಮುಗಿಸಿಕೊಳ್ಳಿ. ಮುಂದಿನ ತಲೆಮಾರಿನಲ್ಲಿ ಹೆಸರುಗಳು ಮೂರರಿಂದ ಹನ್ನೊಂದಾಗಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈನಲ್ಲಿ ಇದ್ದರೆ ಸಹಿ ಕೂಡಿಸುವುದೇ ಒಂದು ಬೇಸಾಯವಾಗುತ್ತದೆ.

ಪಹಣಿ ಗುಟ್ಟಿನ ಕಾಗದವಲ್ಲ. ನಿಮ್ಮದನ್ನು ಮಾತ್ರವಲ್ಲ, ಪಕ್ಕದ ಹೊಲದ್ದನ್ನೂ, ಊರ ಗೋಮಾಳದ್ದನ್ನೂ, ಕೆರೆಯದ್ದನ್ನೂ ಯಾರು ಬೇಕಾದರೂ ನೋಡಬಹುದು. ನೋಡಿದರೆ ನೆರೆಯವನು ತಪ್ಪು ತಿಳಿದಾನು ಎಂಬ ಸಂಕೋಚ ಬೇಡ. ನಮ್ಮೂರಿನ ಆ ಒಬ್ಬರಿಗೆ ಸಂಕೋಚವಿದ್ದಿದ್ದರೆ ನನ್ನ ಅತ್ತೆಯ ಪಾಲು ಸದ್ದಿಲ್ಲದೆ ಹೋಗಿಬಿಡುತ್ತಿತ್ತು.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಬೀಜ ಗೊಬ್ಬರ ಹೊಂದಿಸುವಾಗಲೇ, ಒಂದು ಪ್ರತಿ ತೆಗೆಸಿ ಹಿಂದಿನ ವರ್ಷದ್ದರೊಂದಿಗೆ ಹೋಲಿಸಿ. ನಿಮಗೆ ತಿಳಿಯದ ಮ್ಯುಟೇಶನ್ ಸಂಖ್ಯೆ 10ನೆಯ ಅಂಕಣದಲ್ಲಿ ಕಂಡರೆ ಆ ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಆದೇಶ ತಲುಪಿದ ಅಥವಾ ತಿಳಿದ ದಿನದಿಂದ 60 ದಿನದೊಳಗೆ ಉಪವಿಭಾಗಾಧಿಕಾರಿಯವರಲ್ಲಿ ಮೇಲ್ಮನವಿ ಸಲ್ಲಿಸಲು 136ನೆಯ ಪ್ರಕರಣದಲ್ಲಿ ಅವಕಾಶವಿದೆ. ಹಕ್ಕೇ ವಿವಾದದಲ್ಲಿದ್ದರೆ ತೀರ್ಮಾನವಾಗಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ. ಕಂಪ್ಯೂಟರಿಗೆ ಹಿಂದಿನ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ವಹಿಗಳ ನಕಲು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ದೊರೆಯುತ್ತದೆ. ಸರ್ವೆ ನಂಬರು ಮತ್ತು ವರ್ಷವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಹುಡುಕುವವರಿಗೂ ಅನುಕೂಲ.